ಮನೆಯಲ್ಲೇ ಸಿಗಡಿ ಸಾಫ್ ಮಾಡುವುದು: ಕಲಬುರಗಿ ಕಡೆಯ ಅಡುಗೆಮನೆಗಳಿಗೆ

ಸಿಗಡಿ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಬೆನ್ನಿನ ಕಪ್ಪು ದಾರ ತೆಗೆಯಲೇಬೇಕಾ? ತಲೆ ಇಟ್ಟುಕೊಳ್ಳಬೇಕಾ, ಎಸೆಯಬೇಕಾ? ಎಷ್ಟು ಸಲ ತೊಳೆದರೂ ವಾಸನೆ ಯಾಕೆ ಹೋಗುವುದಿಲ್ಲ? ಹೋಟೆಲಿನಲ್ಲಿ ಮೆತ್ತಗೆ ಇರುವುದು ಮನೆಯಲ್ಲಿ ಮಾಡಿದರೆ ರಬ್ಬರ್ ಯಾಕೆ ಆಗುತ್ತೆ? ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ, ಮಾಡುವ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಕಲಬುರಗಿ, ಬೀದರ, ಯಾದಗಿರಿ ಕಡೆ ಕುರಿ, ಕೋಳಿ ಮಾಂಸ ಹದ ಮಾಡುವುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಭೀಮಾ, ಕೃಷ್ಣಾ ನದಿಯ ಮೀನು ಕೂಡ ಪರಿಚಯ. ಸಿಗಡಿ ಮಾತ್ರ ಸಮುದ್ರದಿಂದ ಇಷ್ಟು ದೂರ ಇರುವ ನಮಗೆ ಸ್ವಲ್ಪ ಹೊಸದು. ಇಲ್ಲಿನ ಅಂಗಡಿಗಳಿಗೆ ಬರುವ ಸಿಗಡಿ ಬಹುಪಾಲು ಆಂಧ್ರದ ಕರಾವಳಿಯ ಹೊಂಡಗಳಲ್ಲಿ ಸಾಕಿದ್ದು. ವೆನಾಮಿ ಅನ್ನುವ ತಳಿ. 2009ರಲ್ಲಿ ಇದನ್ನು ಸಾಕಲು ನಮ್ಮ ದೇಶದಲ್ಲಿ ಅನುಮತಿ ಸಿಕ್ಕಿತು. ಆಮೇಲೆ ಸಿಗಡಿ ಸಾಕಣೆ ಅಂದರೆ ಹೆಚ್ಚಾಗಿ ಇದೇ ಅನ್ನುವಷ್ಟು ಹರಡಿತು. ಕರಾವಳಿಯಿಂದ ಹೈದರಾಬಾದ್ ತಲುಪಿ, ಅಲ್ಲಿಂದ ಬೀದರಕ್ಕೆ ಇನ್ನೂ ಸುಮಾರು 140 ಕಿಲೋಮೀಟರ್, ಕಲಬುರಗಿಗೆ ಸುಮಾರು 220 ಕಿಲೋಮೀಟರ್ ಬರಬೇಕು. ಅಂದರೆ ನಿಮ್ಮ ಕೈಗೆ ಸಿಗುವ ಹೊತ್ತಿಗೆ ಅದು ಐಸಿನಲ್ಲಿ ಒಂದೆರಡು ದಿನ ಕಳೆದಿರುತ್ತದೆ.

ಇದರಲ್ಲಿ ಹೆದರುವಂಥದ್ದೇನೂ ಇಲ್ಲ. ದಾರಿಯುದ್ದಕ್ಕೂ ತಂಪಾಗಿದ್ದರೆ ಸಿಗಡಿ ಚೆನ್ನಾಗಿಯೇ ಇರುತ್ತದೆ. ಆದರೆ ಮಂಗಳೂರಿನವರು ದಡದಲ್ಲಿ ಕೊಂಡು ಆರಾಮಾಗಿ ಮನೆಗೆ ಒಯ್ಯುವ ಹಾಗೆ ನಾವು ಮಾಡಲು ಆಗುವುದಿಲ್ಲ. ಸಿಪ್ಪೆ ಬಿಡಿಸುವ ಕೆಲಸ ಹತ್ತು ನಿಮಿಷದಲ್ಲಿ ಕೈಗೆ ಹತ್ತುತ್ತದೆ. ನಮ್ಮ ಕಡೆ ಸಿಗಡಿ ಕೆಡುವುದು ಎರಡೇ ಕಾರಣಕ್ಕೆ: ಬಿಸಿಲಲ್ಲಿ ಬಿಡುವುದು, ನೀರಲ್ಲಿ ನೆನೆಹಾಕುವುದು. ಈ ಎರಡನ್ನು ತಪ್ಪಿಸಿದರೆ ಮುಕ್ಕಾಲು ಕೆಲಸ ಆದಂತೆ.

ಮೊದಲು ಒಂದು ಎಚ್ಚರಿಕೆ

ಮನೆಯಲ್ಲಿ ಯಾರಿಗಾದರೂ ಏಡಿ ಅಥವಾ ಸಿಗಡಿ ತಿಂದಾಗ ಮೈ ತುರಿಸುವುದು, ತುಟಿ ಊದುವುದು, ಉಸಿರು ಕಟ್ಟುವುದು ಆಗಿದ್ದರೆ ಅವರಿಗೆ ಕೊಡಲೇಬೇಡಿ. ಇದಕ್ಕೆ ಅಲರ್ಜಿ ಅನ್ನುತ್ತಾರೆ. ಚೆನ್ನಾಗಿ ಬೇಯಿಸಿದರೆ ಏನೂ ಆಗಲ್ಲ ಅನ್ನುವುದು ತಪ್ಪು. ಅಲರ್ಜಿ ತರುವ ಅಂಶ ಬೆಂದರೂ ಹೋಗುವುದಿಲ್ಲ. ಅದೇ ಎಣ್ಣೆ, ಅದೇ ಸೌಟು ಅವರ ಅಡುಗೆಗೆ ಬಳಸುವುದೂ ಬೇಡ. ಮೊದಲ ಸಲ ತಿನ್ನುವ ಮಕ್ಕಳಿಗೆ ಒಂದು ತುಂಡು ಕೊಟ್ಟು ನೋಡಿ. ಉಸಿರಾಟಕ್ಕೆ ತೊಂದರೆ ಕಂಡರೆ ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಏನೇನು ಬೇಕು

ಒಂದು ಸಣ್ಣ ಚೂಪು ಚಾಕು, ಒಂದು ಸಣ್ಣ ಕತ್ತರಿ, ನಾಲ್ಕು ಹಲ್ಲುಕಡ್ಡಿ, ಎರಡು ಬೋಗುಣಿ, ಒಂದು ಜರಡಿ, ಒಂದು ಸ್ವಚ್ಛ ಹತ್ತಿ ಬಟ್ಟೆ, ಹಳೆ ಪೇಪರು, ಉಪ್ಪು, ಅರಿಶಿಣ. ಜೊತೆಗೆ ಐಸು. ಉಳಿದದ್ದು ಒಂದಿಲ್ಲದಿದ್ದರೆ ಇನ್ನೊಂದರಿಂದ ನಡೆಯುತ್ತೆ, ಐಸಿಗೆ ಮಾತ್ರ ಬದಲಿ ಇಲ್ಲ. ಹಿಂದಿನ ರಾತ್ರಿಯೇ ಎರಡು ಟ್ರೇ ಐಸು ಕಟ್ಟಿಸಿಡಿ.

ಎಷ್ಟು ತರಬೇಕು ಅನ್ನುವುದಕ್ಕೆ ಸುಲಭದ ಲೆಕ್ಕ ಇದೆ. ತಲೆ, ಸಿಪ್ಪೆ ಸಮೇತ ಒಂದು ಕೆ.ಜಿ. ತಂದರೆ ಸಾಫ್ ಆದ ಮೇಲೆ ಕೈಗೆ ಸಿಗುವುದು ಸುಮಾರು ಅರ್ಧ ಕೆ.ಜಿ. ನಾಲ್ಕು ಜನರ ಒಂದು ಊಟಕ್ಕೆ ಅದು ಸಾಕು. ಬಿಡಿಸಿದ ಸಿಗಡಿಯ ದರ ಕೇಳಿ ಗಾಬರಿಯಾಗುವ ಮೊದಲು ಈ ಲೆಕ್ಕ ಹಾಕಿ ನೋಡಿ. ಸಿಪ್ಪೆ ಸಮೇತದ ದರದ ಎರಡು ಪಟ್ಟಿನ ಹತ್ತಿರ ಇದ್ದರೆ ಅದು ಸರಿಯಾದ ದರವೇ.

1. ಅಂಗಡಿಯಲ್ಲಿ ನೋಡಿ ಆರಿಸುವುದು

ಅಂಗಡಿಗೆ ತಕ್ಕಂತೆ ಸಿಗಡಿ, ಝಿಂಗಾ, ರೊಯ್ಯಲು ಎಂದು ಏನಾದರೂ ಕರೆಯಲಿ, ಕೇಳಬೇಕಾದ್ದು ಕೌಂಟ್ ಎಷ್ಟು ಅಂತ. ಕೌಂಟ್ ಅಂದರೆ ಒಂದು ಕೆ.ಜಿ.ಗೆ ಎಷ್ಟು ಸಿಗಡಿ ತೂಗುತ್ತವೆ ಅನ್ನುವ ಸಂಖ್ಯೆ. 30 ಕೌಂಟ್ ಅಂದರೆ ದೊಡ್ಡವು, 100 ಕೌಂಟ್ ಅಂದರೆ ಸಣ್ಣವು. ಮೊದಲ ಸಲ ಮಾಡುವವರು 40ರಿಂದ 60ರ ಒಳಗೆ ತಗೊಳ್ಳಿ. ಸಣ್ಣವು ಅಗ್ಗ ನಿಜ, ಆದರೆ ನೂರು ಸಿಗಡಿಯ ಸಿಪ್ಪೆ ಬಿಡಿಸಿ ದಾರ ತೆಗೆಯುವಷ್ಟರಲ್ಲಿ ಬೇಸರ ಬಂದು ಬಿಡುತ್ತದೆ.

ಹಸಿ ಸಿಗಡಿ ನಸು ಬೂದು ಬಣ್ಣದಲ್ಲಿ, ಒಳಗೆ ಬೆಳಕು ಹಾಯುವಂತೆ ಇರಬೇಕು. ಸಿಪ್ಪೆ ಹೊಳೆಯಬೇಕು, ಮಾಂಸಕ್ಕೆ ಬಿಗಿಯಾಗಿ ಅಂಟಿಕೊಂಡಿರಬೇಕು. ತಲೆ ಮೈಗೆ ಗಟ್ಟಿಯಾಗಿ ಸೇರಿರಬೇಕು. ಎತ್ತಿದರೆ ತಲೆ ಜೋತು ಬೀಳುವುದಾದರೆ ಬಿಡಿ. ಕೈಗೆ ಲೋಳೆ ಅಂಟಿದರೂ ಬಿಡಿ. ಬೇಯಿಸುವ ಮೊದಲೇ ಗುಲಾಬಿ ಬಣ್ಣ ತಿರುಗಿದ್ದರೆ ಎಲ್ಲೋ ಬಿಸಿ ತಾಗಿದೆ ಅಂತ ಅರ್ಥ.

ಇನ್ನು ಕಪ್ಪು ಮಚ್ಚೆ. ಸಿಗಡಿ ಸತ್ತ ಮೇಲೆ ಅದರೊಳಗಿನ ಕಿಣ್ವ, ಅಂದರೆ ಮೈಯಲ್ಲೇ ಇರುವ ಒಂದು ರಸ, ಗಾಳಿಯ ಜೊತೆ ಸೇರಿ ಸಿಪ್ಪೆಯನ್ನು ಕಪ್ಪಾಗಿಸುತ್ತದೆ. ಕತ್ತರಿಸಿಟ್ಟ ಬದನೆಕಾಯಿ ಕಪ್ಪಾಗುವುದೂ ಇಂಥದ್ದೇ ಕಾರಣಕ್ಕೆ. ಇದು ತಲೆಯಿಂದ ಶುರುವಾಗುತ್ತದೆ. ಅಲ್ಲೊಂದು ಇಲ್ಲೊಂದು ಮಚ್ಚೆ ಇದ್ದು ವಾಸನೆ ಚೆನ್ನಾಗಿದ್ದರೆ ತಿನ್ನಲು ತೊಂದರೆಯಿಲ್ಲ. ತಲೆಯೆಲ್ಲಾ ಕಪ್ಪಾಗಿ ಮೈಗೂ ಹರಡಿದ್ದರೆ ಹಳೆಯದು, ಬೇಡ.

ಎಲ್ಲಕ್ಕಿಂತ ನಿಮ್ಮ ಮೂಗನ್ನೇ ಜಾಸ್ತಿ ನಂಬಿ. ಒಳ್ಳೆಯ ಸಿಗಡಿಗೆ ಸಣ್ಣಗೆ ಉಪ್ಪುನೀರಿನ ವಾಸನೆ ಇರುತ್ತದೆ, ಅಷ್ಟೇ. ಮೂಗಿಗೆ ಚುಚ್ಚುವ, ಮೂತ್ರದಂಥ ಘಾಟು ಬಂದರೆ ಅದು ಅಮೋನಿಯಾ. ಸಿಗಡಿ ಕೊಳೆಯಲು ಶುರುವಾಗಿದೆ. ಲಿಂಬೆ, ಅರಿಶಿಣ, ಮಜ್ಜಿಗೆ ಯಾವುದು ಹಾಕಿ ತೊಳೆದರೂ ಅದು ಸರಿಹೋಗುವುದಿಲ್ಲ. ಎಷ್ಟು ತೊಳೆದರೂ ವಾಸನೆ ಹೋಗಲ್ಲ ಎಂದು ಕೇಳುವವರಿಗೆ ನನ್ನ ಉತ್ತರ ಇದು: ತೊಳೆಯುವುದರಲ್ಲಿ ತಪ್ಪಿಲ್ಲ, ಕೊಂಡಿದ್ದೇ ಹಳೆಯ ಮಾಲು.

ಹೊತ್ತು ನೋಡಿ ಹೋಗಿ. ಬೆಳಿಗ್ಗೆ ಬೇಗ ಹೋದರೆ ಐಸು ಕರಗಿರುವುದಿಲ್ಲ. ಶ್ರಾವಣ ಮುಗಿದ ಮೇಲಿನ ಮೊದಲ ಭಾನುವಾರ ಅಂಗಡಿಯಲ್ಲಿ ನೂಕುನುಗ್ಗಲು, ಆರಿಸಿ ನೋಡಲು ಬಿಡುವುದಿಲ್ಲ. ಸಿಗಡಿ ತರಲು ಅಂಥ ದಿನ ಬೇಡ.

ನದಿ, ಕೆರೆಯ ಸಿಹಿನೀರಿನ ಸಿಗಡಿಯೂ ಆಗಾಗ ಸಿಗುತ್ತದೆ. ಉದ್ದನೆಯ ಕೊಂಡಿಗಾಲು, ದೊಡ್ಡ ತಲೆ ನೋಡಿದರೆ ಗುರುತು ಸಿಗುತ್ತೆ. ರುಚಿ ಬಹಳ ಚೆನ್ನಾಗಿರುತ್ತದೆ. ಆದರೆ ತಲೆಯೇ ಭಾರ ಆದ್ದರಿಂದ ಒಂದು ಕೆ.ಜಿ.ಗೆ ಅರ್ಧ ಕೆ.ಜಿ.ಯೂ ಮಾಂಸ ಸಿಗುವುದಿಲ್ಲ. ತಲೆ ಇಟ್ಟುಕೊಂಡೇ ಬಿಟ್ಟರೆ ಇದರ ಮಾಂಸ ಬೇಗ ಹಿಟ್ಟಾಗುತ್ತದೆ. ತಂದ ತಕ್ಷಣ ತಲೆ ತೆಗೆಯಿರಿ.

2. ಮನೆವರೆಗೆ ತಂಪಾಗಿ ತರುವುದು

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಬೈಕಿನ ಹ್ಯಾಂಡಲಿಗೆ ಪ್ಲಾಸ್ಟಿಕ್ ಚೀಲ ನೇತುಹಾಕಿ, ದಾರಿಯಲ್ಲಿ ತರಕಾರಿ ಕೊಂಡು, ಪರಿಚಯದವರ ಜೊತೆ ಹತ್ತು ನಿಮಿಷ ಮಾತಾಡಿ ಮನೆಗೆ ಬಂದರೆ ಸಿಗಡಿ ಅರ್ಧ ಕೆಟ್ಟಿರುತ್ತದೆ. ತರಕಾರಿ ಮೊದಲು, ಸಿಗಡಿ ಕೊನೆಗೆ. ಮನೆಯಿಂದ ಮುಚ್ಚಳದ ಸ್ಟೀಲ್ ಡಬ್ಬಿ ಒಯ್ಯಿರಿ, ಥರ್ಮೊಕೋಲ್ ಪೆಟ್ಟಿಗೆ ಇದ್ದರೆ ಇನ್ನೂ ಒಳ್ಳೆಯದು. "ಅಣ್ಣಾ, ಮ್ಯಾಲ ಸ್ವಲ್ಪ ಬರ್ಫ್ ಹಾಕಿ ಕೊಡ್ರಿ" ಎಂದು ಕೇಳಿದರೆ ಯಾವ ಅಂಗಡಿಯವರೂ ಇಲ್ಲ ಅನ್ನುವುದಿಲ್ಲ.

ಸಿಗಡಿಯನ್ನು ಒಂದು ಕವರಿನಲ್ಲಿ ಕಟ್ಟಿಸಿ, ಐಸನ್ನು ಹೊರಗಿನಿಂದ ಹಾಕಿಸಿಕೊಳ್ಳಿ. ಐಸು ನೇರವಾಗಿ ಸಿಗಡಿ ಮೇಲೆ ಬಿದ್ದರೆ ಕರಗಿದ ನೀರಿನಲ್ಲಿ ಅದು ಮುಳುಗಿಕೊಂಡೇ ಮನೆಗೆ ಬರುತ್ತದೆ. ರುಚಿಯೆಲ್ಲಾ ನೀರಿಗೆ ಬಿಟ್ಟಿರುತ್ತದೆ.

ಸಾಫ್ ಮಾಡಿ ಕೊಡುತ್ತೇವೆ ಅಂದರೆ ಮಾಡಿಸಿಕೊಳ್ಳಬಹುದಾ? ಮಾಡಿಸಿಕೊಳ್ಳಬಹುದು. ಆದರೆ ಮುಂದೆ ನಿಂತು ನೋಡಿ. ಒಂದೇ ಬಕೆಟ್ಟಿನ ನೀರಿನಲ್ಲಿ ಬೆಳಗಿನಿಂದ ಎಲ್ಲರ ಮೀನು ತೊಳೆಯುತ್ತಿದ್ದರೆ ಸಿಪ್ಪೆ ಸಮೇತ ತಗೊಂಡು ಬನ್ನಿ. ಸಿಪ್ಪೆ ಇರುವಷ್ಟು ಹೊತ್ತು ಮಾಂಸಕ್ಕೆ ಅದೇ ಕಾವಲು. ಮನೆ ದೂರ ಇದ್ದವರು ಅಂಗಡಿಯಲ್ಲಿ ಬಿಡಿಸದೆ ತರುವುದೇ ಸರಿ ಅಂತ ನನ್ನ ಅಭಿಪ್ರಾಯ.

3. ಪ್ಯಾಕೆಟ್ ಸಿಗಡಿ ಆದರೆ

ಅಂಗಡಿಯ ಫ್ರೀಜರಿನಲ್ಲಿ ಸಿಗುವ ಪ್ಯಾಕೆಟ್ ಸಿಗಡಿಯನ್ನು ಕೀಳಾಗಿ ನೋಡುವ ಅಗತ್ಯ ಇಲ್ಲ. ಸರಿಯಾಗಿ ಹೆಪ್ಪುಗಟ್ಟಿಸಿದ ಸಿಗಡಿ, ಐಸಿನಲ್ಲಿ ನಾಲ್ಕು ದಿನ ಕೂತ ಸಿಗಡಿಗಿಂತ ಎಷ್ಟೋ ಮೇಲು. ಪ್ಯಾಕೆಟ್ ಮುಟ್ಟಿ ನೋಡಿ. ಒಂದೊಂದು ಸಿಗಡಿ ಬಿಡಿಬಿಡಿಯಾಗಿ ಇರಬೇಕು. ಬಿಡಿಯಾಗಿ ಇರಬೇಕಾದವು ಒಂದೇ ಗಡ್ಡೆಯಾಗಿ, ಒಳಗೆ ದಪ್ಪ ಹಿಮದ ಹರಳು ತುಂಬಿದ್ದರೆ ಕರೆಂಟ್ ಹೋದಾಗ ಕರಗಿ ಮತ್ತೆ ಗಟ್ಟಿಯಾಗಿದೆ ಅನ್ನುವ ಅನುಮಾನ ಇಟ್ಟುಕೊಳ್ಳಿ.

ಇಂಥ ಸಿಗಡಿಯ ಮೇಲೆ ತೆಳ್ಳಗೆ ಐಸಿನ ಪದರ ಕೊಟ್ಟಿರುತ್ತಾರೆ. ಮಾಂಸ ಒಣಗದಿರಲಿ ಅಂತ ಅದು. ಅದರ ತೂಕ ಬಿಟ್ಟು ಮಾಂಸ ಎಷ್ಟು ಅನ್ನುವುದು ಪ್ಯಾಕೆಟ್ಟಿನ ಮೇಲೆ ನಿವ್ವಳ ತೂಕ ಅಂತ ಇರುತ್ತದೆ. ಅದನ್ನೇ ನೋಡಿ.

ಕರಗಿಸುವ ರೀತಿ ಎರಡು. ರಾತ್ರಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ತಟ್ಟೆಯ ಮೇಲೆ ಇಡುವುದು ಉತ್ತಮ. ಅವಸರ ಇದ್ದರೆ ನೀರು ಹೋಗದ ಹಾಗೆ ಕವರಿನಲ್ಲಿ ಕಟ್ಟಿ ತಣ್ಣೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಬಿಸಿನೀರು ಹಾಕಬೇಡಿ, ಹೊರಗಿನ ಪದರ ಬೆಂದು ಒಳಗೆ ಕಲ್ಲಾಗೇ ಇರುತ್ತದೆ. ಅಡುಗೆ ಕಟ್ಟೆಯ ಮೇಲೆ ಸುಮ್ನೆ ಬಿಟ್ಟು ಕರಗಿಸುವುದು ನಮ್ಮ ಕಡೆಯ ಸೆಕೆಗೆ ಆಗಿಬರುವುದಿಲ್ಲ. ಕರಗಿಸಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬೇಡಿ. ಅಂಗಡಿಯಲ್ಲಿ ಕರಗಿಸಿ ಮಾರುತ್ತಿದ್ದದ್ದನ್ನು ಕೊಂಡಿದ್ದರೂ ಇದೇ ಮಾತು. ಕೊಳ್ಳುವಾಗಲೇ ಕೇಳಿ ತಿಳಿದುಕೊಳ್ಳಿ.

4. ತಲೆ ತೆಗೆಯುವುದು

ಈಗ ಕೆಲಸಕ್ಕೆ ಕೂರೋಣ. ಒಂದು ಬೋಗುಣಿಯಲ್ಲಿ ಐಸು ಹಾಕಿ, ಅದರ ಮೇಲೆ ಇನ್ನೊಂದು ಬೋಗುಣಿ ಕೂರಿಸಿ. ಬಿಡಿಸಿದ ಸಿಗಡಿ ಮೇಲಿನದಕ್ಕೆ ಬೀಳಲಿ. ಫ್ಯಾನಿನ ಕೆಳಗೆ ಅರ್ಧ ಗಂಟೆ ಕೂತರೂ ಮಾಂಸ ತಣ್ಣಗೇ ಇರುತ್ತದೆ. ಎಲ್ಲವನ್ನೂ ಒಮ್ಮೆಲೇ ಹರಡಿಕೊಳ್ಳದೆ ಒಂದೊಂದು ಹಿಡಿ ಮಾತ್ರ ಫ್ರಿಜ್ಜಿನಿಂದ ತೆಗೆಯಿರಿ.

ಮೊದಲು ಎಲ್ಲವನ್ನೂ ಸಿಪ್ಪೆ ಸಮೇತ ಜರಡಿಯಲ್ಲಿ ಹಾಕಿ ನಲ್ಲಿ ಕೆಳಗೆ ಒಂದು ಸಲ ತೊಳೆಯಿರಿ. ಬೇಸಿಗೆಯಲ್ಲಿ ಟ್ಯಾಂಕಿನ ನೀರು ಕಾದಿರುತ್ತೆ ಅಲ್ವಾ? ಕೊಡದ ನೀರಿಗೆ ನಾಲ್ಕು ಐಸು ತುಂಡು ಹಾಕಿ ಅದನ್ನು ಬಳಸಿ.

ಎಡಗೈಯಲ್ಲಿ ಮೈ, ಬಲಗೈಯಲ್ಲಿ ತಲೆ ಹಿಡಿಯಿರಿ. ತಲೆಯ ಚಿಪ್ಪು ಮುಗಿದು ಮೈ ಶುರುವಾಗುವ ಜಾಗದಲ್ಲಿ ಹೆಬ್ಬೆರಳು ಇಟ್ಟು ಸ್ವಲ್ಪ ತಿರುವಿ ಎಳೆಯಿರಿ. ರಭಸ ಬೇಡ. ಮೆಲ್ಲಗೆ ಎಳೆದರೆ ಎಷ್ಟೋ ಸಲ ಬೆನ್ನಿನ ಕಪ್ಪು ದಾರ ತಲೆಯ ಜೊತೆಗೇ ಪೂರ್ತಿ ಹೊರಬರುತ್ತದೆ. ಹಾಗೆ ಬಂದರೆ ಆ ಸಿಗಡಿಯ ಒಂದು ಕೆಲಸ ಉಳಿಯಿತು.

ತಲೆಯ ಮುಂದೆ ಗರಗಸದ ಹಲ್ಲಿನಂಥ ಒಂದು ಕೊಂಬು ಇರುತ್ತದೆ. ಕೈಗೆ ಚುಚ್ಚುವುದು ಹೆಚ್ಚಾಗಿ ಇದೇ. ಬೇಕಾದರೆ ಮೊದಲೇ ಕತ್ತರಿಯಲ್ಲಿ ತೆಗೆದುಬಿಡಿ. ಚುಚ್ಚಿದರೆ ಸೋಪು ಹಾಕಿ ಚೆನ್ನಾಗಿ ತೊಳೆದು ಔಷಧ ಹಚ್ಚಿ. ಮರುದಿನ ಕೆಂಪಗೆ ಊದಿಕೊಂಡು ಹರಡುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಅಥವಾ ಲಿವರ್ ತೊಂದರೆ ಇರುವವರು ಕೈಗವಸು ಹಾಕಿಕೊಂಡೇ ಈ ಕೆಲಸ ಮಾಡಿ.

ತಲೆಯನ್ನು ಬೇಗ ತೆಗೆಯಬೇಕು ಎಂದು ಹೇಳಲು ಕಾರಣ ಇದೆ. ಆಹಾರ ಕರಗಿಸುವ ಅಂಗ ಇರುವುದು ಅಲ್ಲೇ. ಸಿಗಡಿ ಸತ್ತ ಮೇಲೂ ಅದರ ರಸ ಸುಮ್ಮನಿರದೆ ಕುತ್ತಿಗೆ ಕಡೆಯ ಮಾಂಸವನ್ನು ಕರಗಿಸಲು ಶುರು ಮಾಡುತ್ತದೆ. ಅಡುಗೆ ಸಂಜೆಗೆ ಇದ್ದರೂ ತಲೆ ಮಾತ್ರ ಬೆಳಿಗ್ಗೆಯೇ ತೆಗೆದು, ಸಿಪ್ಪೆ ಬಿಡಿಸದೆ ಫ್ರಿಜ್ಜಿಗೆ ಇಡಿ.

ತಲೆ ಎಸೆಯಬೇಡಿ. ಸಾರಿಗೆ ಬೇಕಾಗುತ್ತದೆ, ಮುಂದೆ ಹೇಳುತ್ತೇನೆ. ಒಳಗಿನ ಕಿತ್ತಳೆ ಬಣ್ಣದ ಕೊಬ್ಬಿನಂಥದ್ದು ರುಚಿಯ ಗಣಿ. ಕಣ್ಣಿನ ಹಿಂದೆ ಇರುವ ಕಪ್ಪು ಚೀಲ ಮಾತ್ರ ಅದರ ಹೊಟ್ಟೆ, ಅದರಲ್ಲಿ ಮಣ್ಣು ಇರಬಹುದು. ಕಣ್ಣಿನ ಭಾಗವನ್ನು ಕತ್ತರಿಯಲ್ಲಿ ತೆಗೆದು ಆ ಚೀಲವನ್ನು ಹಿಂಡಿ ಹೊರಹಾಕಿ.

5. ಸಿಪ್ಪೆ ಬಿಡಿಸುವುದು

ಹೊಟ್ಟೆಯ ಕಡೆ ತಿರುಗಿಸಿ. ಸಣ್ಣ ಕಾಲುಗಳನ್ನು ಒಟ್ಟಿಗೆ ಹಿಡಿದು ಪಕ್ಕಕ್ಕೆ ಎಳೆದರೆ ಅವುಗಳ ಜೊತೆ ಸಿಪ್ಪೆಯೂ ಬಿಡಲು ಶುರುವಾಗುತ್ತದೆ. ಸಿಪ್ಪೆ ಒಂದರ ಮೇಲೊಂದು ಕೂತ ಪಟ್ಟಿಗಳ ಹಾಗೆ ಇರುತ್ತದೆ, ಒಟ್ಟು ಆರು. ತಲೆಯ ಕಡೆಯ ಮೂರು ಪಟ್ಟಿಗಳನ್ನು ಹೊಟ್ಟೆಯಿಂದ ಬೆನ್ನಿನ ಕಡೆಗೆ ಸುತ್ತಿ ತೆಗೆಯಿರಿ. ಉಳಿದದ್ದು ಸಡಿಲವಾಗುತ್ತದೆ. ಆಮೇಲೆ ಬಾಲದ ಬುಡವನ್ನು ಎರಡು ಬೆರಳಿನಲ್ಲಿ ಒತ್ತಿ ಮಾಂಸವನ್ನು ಮೆಲ್ಲಗೆ ಎಳೆಯಿರಿ. ತುದಿಯ ಮಾಂಸ ಮುರಿಯದೆ ಪೂರ್ತಿ ಹೊರಬರುತ್ತದೆ. ಜೋರಾಗಿ ಕಿತ್ತರೆ ಆ ಸಿಹಿ ತುಣುಕು ಬಾಲದಲ್ಲೇ ಉಳಿದು ಕಸಕ್ಕೆ ಹೋಗುತ್ತದೆ.

ಸಾರು, ಪಲ್ಯ, ಅನ್ನದ ಅಡುಗೆಗೆ ಬಾಲ ಪೂರ್ತಿ ತೆಗೆಯಿರಿ. ರೊಟ್ಟಿಯಲ್ಲಿ ಹಿಡಿದು ತಿನ್ನುವಾಗ ಬಾಲ ಸಿಕ್ಕರೆ ಬಾಯಿಗೆ ಚುಚ್ಚುತ್ತದೆ. ಕರಿಯುವುದಕ್ಕಾದರೆ ಬಾಲ ಇರಲಿ, ಹಿಡಿದು ತಿನ್ನಲು ಅನುಕೂಲ. ಹಾಗೆ ಇಡುವಾಗ ಒಂದು ಕೆಲಸ ಮಾಡಲೇಬೇಕು. ಬಾಲದ ಬೀಸಣಿಗೆಯ ನಡುವೆ ಮುಳ್ಳಿನಂಥ ಒಂದು ತುದಿ ಇದೆ, ಅದನ್ನು ಕಿತ್ತುಹಾಕಿ. ಬೀಸಣಿಗೆಯ ಪದರಗಳಲ್ಲಿ ನೀರು ತುಂಬಿರುತ್ತದೆ. ತುದಿಯನ್ನು ಕತ್ತರಿಯಲ್ಲಿ ಸ್ವಲ್ಪ ಕತ್ತರಿಸಿ, ಚಾಕುವಿನ ಬೆನ್ನಿನಿಂದ ಒಳಗಿನಿಂದ ಹೊರಗೆ ಒತ್ತಿ ಸವರಿ. ಕಪ್ಪಗಿನ ನೀರು ಹೊರಗೆ ಬರುತ್ತದೆ. ಇದನ್ನು ಮಾಡದೆ ಕಾದ ಎಣ್ಣೆಗೆ ಬಿಟ್ಟರೆ ಆ ನೀರು ಸಿಡಿದು ಮುಖಕ್ಕೆ ಹಾರುತ್ತದೆ. ಸಿಗಡಿ ಕರಿಯುವಾಗ ಎಣ್ಣೆ ಸಿಡಿಯುತ್ತೆ ಎಂದು ದೂರುವವರು ಇದನ್ನೊಮ್ಮೆ ಮಾಡಿ ನೋಡಿ.

6. ಬೆನ್ನಿನ ದಾರ

ಎಲ್ಲರೂ ಕೇಳುವುದು ಇದನ್ನೇ. ದಾರ ಅನ್ನುತ್ತೇವೆ, ನಿಜವಾಗಿ ಅದು ಸಿಗಡಿಯ ಕರುಳು. ಕಪ್ಪಗೆ ಕಾಣುವುದು ಒಳಗಿನ ಹೊಲಸು. ವಿಷವೇನಲ್ಲ. ಚೆನ್ನಾಗಿ ಬೇಯಿಸಿ ತಿಂದರೆ ಜೀವಕ್ಕೆ ತೊಂದರೆ ಆಗುವುದಿಲ್ಲ. ಆದರೆ ಹಲ್ಲಿಗೆ ಮರಳು ಸಿಕ್ಕಿದ ಹಾಗಾಗುತ್ತದೆ, ಸ್ವಲ್ಪ ಕಹಿಯೂ ಇರುತ್ತದೆ. ದೊಡ್ಡ, ಮಧ್ಯಮ ಸಿಗಡಿಯಲ್ಲಿ ತೆಗೆಯಲೇಬೇಕು. ಬೆರಳಿನ ತುದಿಯಷ್ಟು ಸಣ್ಣವಾದರೆ ಬಿಟ್ಟರೂ ನಡೆಯುತ್ತೆ. ಕೆಲವು ಸಿಗಡಿಯಲ್ಲಿ ದಾರ ಕಾಣುವುದೇ ಇಲ್ಲ. ಹೊಟ್ಟೆ ಖಾಲಿ ಇದ್ದಾಗ ಹಿಡಿದಿದ್ದರೆ ಕರುಳು ಬೆಳ್ಳಗೆ ತೆಳ್ಳಗೆ ಇರುತ್ತದೆ. ಹುಡುಕುತ್ತಾ ಮಾಂಸ ಹರಿಯಬೇಡಿ.

ತೆಗೆಯಲು ಚಾಕುವಿನ ತುದಿಯಿಂದ ಬೆನ್ನಿನ ನಡುಗೆರೆಯ ಮೇಲೆ ಉದ್ದಕ್ಕೆ ಎರಡು ಮೂರು ಮಿಲಿಮೀಟರ್ ಆಳ ಸೀಳಿ. ಇದಕ್ಕಿಂತ ಆಳ ಬೇಡ. ದಾರ ಮೇಲೆಯೇ ಕಾಣುತ್ತದೆ. ಚಾಕುವಿನ ತುದಿಯಿಂದ ಎತ್ತಿ, ಬೆರಳಿನಿಂದ ಹಿಡಿದು ಬಾಲದವರೆಗೆ ಎಳೆಯಿರಿ. ತುಂಡಾದರೆ ಇನ್ನೊಂದು ತುದಿಯಿಂದ ಎಳೆಯಿರಿ. ಪೇಪರಿಗೆ ಒರೆಸಿ, ಮುಂದಿನದು. ಪ್ರತಿ ಸಲ ನಲ್ಲಿ ಬಿಡುವ ಅಗತ್ಯವಿಲ್ಲ.

ಸೀಳಬಾರದು, ಇಡಿಯಾಗಿ ಇರಬೇಕು ಅನ್ನುವವರಿಗೆ ಹಲ್ಲುಕಡ್ಡಿ ಇದೆ. ಸಿಗಡಿಯನ್ನು ಸ್ವಲ್ಪ ಬಗ್ಗಿಸಿ ಹಿಡಿಯಿರಿ. ತಲೆಯ ಕಡೆಯಿಂದ ಎರಡನೇ ಮತ್ತು ಮೂರನೇ ಪಟ್ಟಿಯ ನಡುವೆ, ಬೆನ್ನಿನಿಂದ ಸ್ವಲ್ಪ ಕೆಳಗೆ, ಕಡ್ಡಿಯನ್ನು ಅಡ್ಡ ಚುಚ್ಚಿ ಮೇಲಕ್ಕೆ ಎತ್ತಿ. ದಾರ ಕುಣಿಕೆಯಾಗಿ ಮೇಲೆ ಬರುತ್ತದೆ. ಅವಸರ ಮಾಡದೆ ಎಳೆದರೆ ಎರಡೂ ಕಡೆಯಿಂದ ಜಾರಿ ಬರುತ್ತದೆ. ಸಿಪ್ಪೆ ಇರುವಾಗಲೇ ಹೀಗೆ ಮಾಡಬಹುದು. ಸಿಪ್ಪೆ ಸಮೇತ ಹುರಿಯುವವರಿಗೆ ಇನ್ನೊಂದು ದಾರಿ ಎಂದರೆ ಬೆನ್ನಿನ ಸಿಪ್ಪೆಯನ್ನು ಕತ್ತರಿಯಿಂದ ಬಾಲದವರೆಗೆ ಸೀಳಿ ದಾರ ತೆಗೆಯುವುದು. ಆ ಸೀಳಿನಲ್ಲಿ ಮಸಾಲೆಯೂ ಒಳಗೆ ಇಳಿಯುತ್ತದೆ.

ಹೊಟ್ಟೆಯ ಕಡೆಯೂ ಒಂದು ಸಣ್ಣ ಗೆರೆ ಕಾಣುತ್ತದೆ. ಅದು ನರ, ಕರುಳಲ್ಲ. ಅದನ್ನು ತೆಗೆಯಬೇಕಿಲ್ಲ.

7. ಕೊನೆಯ ತೊಳೆತ

ಇಲ್ಲೇ ಹೆಚ್ಚಿನವರು ಎಡವುವುದು. ಕೋಳಿ, ಕುರಿ ಮಾಂಸವನ್ನು ಐದಾರು ನೀರಿನಲ್ಲಿ ತೊಳೆದು ರೂಢಿ. ಅದೇ ಕೈ ಸಿಗಡಿಗೂ ಹೋಗುತ್ತದೆ. ಸಿಪ್ಪೆ ತೆಗೆದ ಸಿಗಡಿಯನ್ನು ನೀರಿನಲ್ಲಿ ಬಿಟ್ಟರೆ ಅದು ನೀರು ಕುಡಿಯುತ್ತದೆ, ಒಳಗಿನ ಸಿಹಿ ರಸ ನೀರಿಗೆ ಬಿಡುತ್ತದೆ. ಆಮೇಲೆ ಬಾಣಲೆಗೆ ಹಾಕಿದಾಗ ಕುಡಿದ ನೀರನ್ನೆಲ್ಲಾ ಬಿಟ್ಟು ಹುರಿಯುವ ಬದಲು ಕುದಿಯುತ್ತದೆ. ಮನೆಯ ಸಿಗಡಿ ರಬ್ಬರ್ ಆಗುವುದಕ್ಕೆ ಒಂದು ಕಾರಣ ಇದು.

ಹೀಗೆ ಮಾಡಿ. ಅರ್ಧ ಕೆ.ಜಿ. ಬಿಡಿಸಿದ ಸಿಗಡಿಗೆ ಒಂದು ಚಮಚ ಉಪ್ಪು, ಚಿಟಿಕೆ ಅರಿಶಿಣ ಹಾಕಿ ಬೆರಳ ತುದಿಯಿಂದ ಅರ್ಧ ನಿಮಿಷ ಮೆಲ್ಲಗೆ ತಿಕ್ಕಿ. ಬೂದು ಬಣ್ಣದ ನೊರೆ ಬರುತ್ತದೆ. ತಣ್ಣೀರಿನಲ್ಲಿ ಬೇಗ ಬೇಗ ಎರಡು ಸಲ ತೊಳೆದು ಜರಡಿಗೆ ಸುರಿಯಿರಿ. ಐದು ನಿಮಿಷ ನೀರು ಸೋರಲಿ. ಆಮೇಲೆ ಬಟ್ಟೆಯ ಮೇಲೆ ಹರಡಿ ಒತ್ತಿ ಒರೆಸಿ. ಒಣಗಿದಷ್ಟೂ ಚೆನ್ನಾಗಿ ಹುರಿಯುತ್ತದೆ. ಇಲ್ಲಿಗೆ ತೊಳೆಯುವುದು ಮುಗಿಯಿತು.

ಲಿಂಬೆರಸ, ಹುಣಸೆ ನೀರು, ಮಜ್ಜಿಗೆಯಲ್ಲಿ ಗಂಟೆಗಟ್ಟಲೆ ನೆನೆಸುವವರಿದ್ದಾರೆ. ಹುಳಿ ತಾಗಿದರೆ ಸಿಗಡಿಯ ಮಾಂಸ ಬೆಂಕಿ ಇಲ್ಲದೆಯೇ ಬೆಂದಂತೆ ಬಿಳಿಯಾಗಿ ಗಟ್ಟಿಯಾಗುತ್ತದೆ. ಅದನ್ನು ಮತ್ತೆ ಒಲೆಗೆ ಇಟ್ಟರೆ ಎರಡು ಸಲ ಬೆಂದ ಹಾಗೆ. ಹುಳಿಯಿಂದ ಬಿಳಿಯಾದ ಮಾತ್ರಕ್ಕೆ ಒಳಗಿನ ರೋಗಾಣು ಸಾಯುವುದಿಲ್ಲ ಅನ್ನುವುದೂ ನೆನಪಿರಲಿ. ಉಪ್ಪು, ಅರಿಶಿಣ, ಖಾರಪುಡಿ, ಶುಂಠಿ ಬೆಳ್ಳುಳ್ಳಿ, ಒಂದು ಚಮಚ ಎಣ್ಣೆ ಸವರಿ 15ರಿಂದ 20 ನಿಮಿಷ ಫ್ರಿಜ್ಜಿನಲ್ಲಿ ಇಟ್ಟರೆ ಸಾಕು. ಲಿಂಬೆ ಹಿಂಡುವುದು ತಟ್ಟೆಗೆ ಹಾಕಿದ ಮೇಲೆ.

8. ಒಲೆಯ ಮೇಲೆ ಎಷ್ಟು ಹೊತ್ತು

ಮಧ್ಯಮ ಗಾತ್ರದ ಸಿಗಡಿ ಕಾದ ಬಾಣಲೆಯಲ್ಲಿ ಮೂರು ನಾಲ್ಕು ನಿಮಿಷದಲ್ಲಿ ಬೇಯುತ್ತದೆ. ಮಟನ್ ಬೇಯಿಸಿ ರೂಢಿ ಇರುವವರಿಗೆ ಇದನ್ನು ನಂಬುವುದೇ ಕಷ್ಟ. ಕುಕ್ಕರ್ ಮುಟ್ಟಲೇಬೇಡಿ. ಬೂದು ಬಣ್ಣ ಹೋಗಿ ಕೆಂಪು ಕಿತ್ತಳೆ ಬಂದು, ಒಳಗಿನ ಮಾಂಸ ಬೆಳ್ಳಗಾದರೆ ಆಯಿತು. ಆಕಾರವೂ ಹೇಳುತ್ತದೆ. ಕುಡುಗೋಲಿನ ಹಾಗೆ ಬಾಗಿದ್ದರೆ ಹದ. ಬಳೆಯ ಹಾಗೆ ಪೂರ್ತಿ ಸುತ್ತಿಕೊಂಡರೆ ಜಾಸ್ತಿ ಬೆಂದಿದೆ. ಅರ್ಧ ಕೆ.ಜಿ.ಯನ್ನು ಒಂದೇ ಸಲ ಸಣ್ಣ ಬಾಣಲೆಗೆ ಸುರಿಯದೆ ಎರಡು ಸಲಕ್ಕೆ ಹುರಿಯಿರಿ.

ನಮ್ಮ ಅಡುಗೆಗಳಲ್ಲಿ ಸಿಗಡಿಗೆ ಬಹಳ ಒಗ್ಗುವುದು ಪುಂಡಿ ಪಲ್ಯ. ಗಡಿಯಾಚೆ ಆಂಧ್ರದವರು ಗೋಂಗೂರ ಎಂದು ಇದೇ ಸೊಪ್ಪಿನಲ್ಲಿ ಸಿಗಡಿ ಮಾಡುತ್ತಾರೆ. ಪುಂಡಿ ಸೊಪ್ಪು ಹುಳಿ ಆದ್ದರಿಂದ ಸೊಪ್ಪಿನ ಜೊತೆಗೇ ಸಿಗಡಿ ಹಾಕಿ ಕುದಿಸಿದರೆ ಗಟ್ಟಿಯಾಗುತ್ತದೆ. ಸೊಪ್ಪನ್ನು ಬೇರೆಯಾಗಿ ಬೇಯಿಸಿ ಮಸೆದು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆಯಲ್ಲಿ ಎಣ್ಣೆ ಬಿಡುವವರೆಗೆ ಕೈಯಾಡಿಸಿ. ಸಿಗಡಿಯನ್ನು ಬೇರೆ ಬಾಣಲೆಯಲ್ಲಿ ಎರಡು ನಿಮಿಷ ಹುರಿದು ಕೊನೆಗೆ ಸೇರಿಸಿ. ಇನ್ನೆರಡು ನಿಮಿಷ ಸಾಕು. ಬಿಸಿ ಜೋಳದ ರೊಟ್ಟಿಯ ಜೊತೆ ಇದರ ರುಚಿ ಬೇರೆಯೇ.

ಎತ್ತಿಟ್ಟ ತಲೆ, ಸಿಪ್ಪೆಗೆ ಈಗ ಕೆಲಸ. ಎರಡು ಚಮಚ ಎಣ್ಣೆಯಲ್ಲಿ ಕೆಂಪಾಗುವವರೆಗೆ ಐದು ನಿಮಿಷ ಹುರಿದು, ಸೌಟಿನಿಂದ ತಲೆಗಳನ್ನು ಒತ್ತಿ ರಸ ಬಿಡಿಸಿ, ನಾಲ್ಕು ಲೋಟ ನೀರು ಹಾಕಿ 15ರಿಂದ 20 ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ ಸೋಸಿ. ಇದಕ್ಕಿಂತ ಹೆಚ್ಚು ಕುದಿಸಿದರೆ ಕಹಿಯಾಗುತ್ತದೆ. ಈ ಕಿತ್ತಳೆ ಬಣ್ಣದ ರಸವನ್ನು ಸಾರಿಗೆ ಹಾಕಿ. ತಹರಿ ಮಾಡುವವರು ಅಕ್ಕಿಗೆ ನೀರಿನ ಬದಲು ಇದನ್ನೇ ಅಳತೆ ಹಾಕಿ, ಸಿಗಡಿಯನ್ನು ಅನ್ನ ಬೆಂದ ಮೇಲೆ ಸೇರಿಸಿ ಮುಚ್ಚಿ. ಕಪ್ಪಾಗಿದ್ದ ತಲೆಗಳನ್ನು ಮಾತ್ರ ಇದಕ್ಕೆ ಬಳಸಬೇಡಿ.

ಉಳಿದರೆ, ಕಸವಾದರೆ

ಬಿಡಿಸಿದ ಹಸಿ ಸಿಗಡಿ ಫ್ರಿಜ್ಜಿನಲ್ಲಿ ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ. ಇನ್ನೂ ಇಡುವುದಿದ್ದರೆ ತಲೆ ಮಾತ್ರ ತೆಗೆದು, ಸಿಪ್ಪೆ ಸಮೇತ ಒಂದು ಊಟಕ್ಕೆ ಆಗುವಷ್ಟು ಕಟ್ಟಿ, ಗಾಳಿ ತೆಗೆದು, ತಾರೀಕು ಬರೆದು ಫ್ರೀಜರಿಗೆ ಹಾಕಿ. ಎರಡು ಮೂರು ತಿಂಗಳು ರುಚಿ ಕೆಡುವುದಿಲ್ಲ. ಬಹಳ ಹೊತ್ತು ಕರೆಂಟ್ ಹೋಗಿ ಪೂರ್ತಿ ಕರಗಿದ್ದರೆ, ಇನ್ನೂ ತಣ್ಣಗಿರುವಾಗಲೇ ಬೇಯಿಸಿ. ಬೆಚ್ಚಗಾಗಿದ್ದರೆ ಹೊಟ್ಟೆ ಉರಿದರೂ ಎಸೆದುಬಿಡಿ. ಬೆಂದ ಅಡುಗೆ ಬೇಸಿಗೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗೆ ಇರಬಾರದು.

ಸಂತೆಯ ಒಣ ಸಿಗಡಿಗೆ ಈ ಹಂತಗಳು ಬೇಕಿಲ್ಲ. ಕಸ ಆರಿಸಿ, ಬರೀ ಬಾಣಲೆಯಲ್ಲಿ ಗರಿಗರಿಯಾಗುವವರೆಗೆ ಹುರಿದು, ಜರಡಿಯಲ್ಲಿ ತಿಕ್ಕಿ. ತಲೆ, ಕಾಲಿನ ಪುಡಿ, ಮರಳು ಕೆಳಗೆ ಬೀಳುತ್ತದೆ. ಉಳಿದದ್ದನ್ನು ಬೆಚ್ಚನೆ ನೀರಿನಲ್ಲಿ ಐದು ನಿಮಿಷ ಇಟ್ಟು, ನೀರು ಚೆಲ್ಲಿ ಬಳಸಿ. ಅದರಲ್ಲೇ ಉಪ್ಪು ಇರುತ್ತದೆ. ಅಡುಗೆಗೆ ಉಪ್ಪು ರುಚಿ ನೋಡಿ ಹಾಕಿ.

ಕೆಲಸ ಆದ ಮೇಲೆ ಚಾಕು, ಮಣೆ, ಕಟ್ಟೆಯನ್ನು ಸೋಪು ಹಾಕಿ ತೊಳೆಯಿರಿ. ಅದೇ ಮಣೆಯಲ್ಲಿ ಸೌತೆಕಾಯಿ, ಉಳ್ಳಾಗಡ್ಡಿ ಹೆಚ್ಚುವುದು ತೊಳೆದ ಮೇಲೆ ಮಾತ್ರ. ಕೈಯ ವಾಸನೆಗೆ ತಣ್ಣೀರು, ಸೋಪು, ಆಮೇಲೆ ಹಿಂಡಿದ ಲಿಂಬೆ ಸಿಪ್ಪೆ ತಿಕ್ಕಿ. ಕಸದ ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿ, ಕವರಿನಲ್ಲಿ ಗಂಟು ಹಾಕಿ, ಕಸದ ಗಾಡಿ ಬರುವವರೆಗೆ ಫ್ರೀಜರಿನ ಮೂಲೆಯಲ್ಲಿ ಇಡಿ. ಹೊರಗೆ ಬಿಟ್ಟರೆ ಸಂಜೆಯೊಳಗೆ ಓಣಿಗೆಲ್ಲಾ ನಾರುತ್ತದೆ. ಗಾಡಿ ಬಂದಾಗ ಪೇಪರಿನ ಗಂಟನ್ನಷ್ಟೇ ಹಸಿ ಕಸಕ್ಕೆ ಹಾಕಿ, ಕವರ್ ಒಣ ಕಸಕ್ಕೆ. ಹಿತ್ತಲು ಇದ್ದವರು ಗಿಡದ ಬುಡದಲ್ಲಿ ಒಂದು ಅಡಿ ಆಳ ತೋಡಿ ಹೂಳಬಹುದು. ಅದಕ್ಕಿಂತ ಮೇಲೆ ಹೂತರೆ ನಾಯಿಗಳು ಕೆದರುತ್ತವೆ.